ಮೆಣಸಿನಕಾಯಿ ಪೇಟೆಯಲ್ಲಿ ಗಣಕಯಂತ್ರ

ದಸರೆಯಲ್ಲಿ ದೇವರಗುಡ್ಡದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದಲ್ಲಿ ರೈತರು ಮುಂಬರುವ ಮಳೆಬೆಳೆಗಳ ಸೂಚನೆಯನ್ನು ಹುಡುಕುತ್ತಾರೆ. ಅವರ ಮೆಣಸಿನಕಾಯಿಗೆ ಬೆಲೆ ಕಟ್ಟುವುದು ಮಾತ್ರ ಬ್ಯಾಡಗಿಯ ಪೇಟೆ.

ಕರ್ನಾಟಕವು 2014ರಲ್ಲಿ ತನ್ನ ಮಾರುಕಟ್ಟೆಗಳನ್ನು ಒಂದೇ ಗಣಕಜಾಲಕ್ಕೆ ಜೋಡಿಸಲಾರಂಭಿಸಿತು. ಇ-ಟೆಂಡರಿನಲ್ಲಿ ರೈತನ ಪ್ರತಿಯೊಂದು ಲಾಟಿಗೂ ಒಂದು ಸಂಖ್ಯೆಯಿರುತ್ತದೆ. ವರ್ತಕರು ಮಾಲನ್ನು ಪರೀಕ್ಷಿಸಿ, ಆ ಸಂಖ್ಯೆಯೆದುರು ತಮ್ಮ ಬೆಲೆಯನ್ನು ನಮೂದಿಸುತ್ತಾರೆ. ಒಬ್ಬನ ಬೆಲೆ ಇನ್ನೊಬ್ಬನಿಗೆ ಕಾಣದು. ವೇಳೆ ಮುಗಿದೊಡನೆ ಯಂತ್ರವು ಅತ್ಯಧಿಕ ಬೆಲೆಯನ್ನು ಆರಿಸಿ ತೋರಿಸುತ್ತದೆ.

ಆದರೆ ಯಂತ್ರವು ಬೆಲೆಗಳನ್ನು ಹೋಲಿಸಬಲ್ಲುದೇ ಹೊರತು ಏರಿಸಲಾರದು. 2024ರ ಮಾರ್ಚಿಯಲ್ಲಿ ಬೆಲೆ ಕುಸಿದಾಗ, ಕೆರಳಿದ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿಮಾಡಿ ವಾಹನಗಳಿಗೆ ಬೆಂಕಿಯಿಟ್ಟಿತು. ಲೆಕ್ಕವು ಸರಿಯಾಗಿದ್ದರೆ ಸಾಲದು. ಬೆಲೆ ಏಕೆ ಇಳಿಯಿತೆಂಬುದನ್ನು ರೈತನೂ ಕೇಳಿ ತಿಳಿಯುವಂತಾದಾಗಲೇ ಅದು ಎಲ್ಲರ ಯಂತ್ರವಾದೀತೆಂದು ನಾವು ಭಾವಿಸುತ್ತೇವೆ.