ಇಂಕಾ ನಾಡಿನ ಕಲ್ಲು ಮತ್ತು ಮಾತು

ದಕ್ಷಿಣ ಅಮೆರಿಕದ ಪೆರು ದೇಶವೆಂದೊಡನೆ ಇಂಕಾ ಸಾಮ್ರಾಜ್ಯವೂ ಮಾಚು ಪಿಚು ಎಂಬ ಬೆಟ್ಟದ ಮೇಲಣ ಊರೂ ನೆನಪಿಗೆ ಬರುವುದು ಸಹಜ. ಆದರೆ ಇಂಕಾ ಅರಸರು ಸಾಮ್ರಾಟರಾಗಿ ಮೆರೆದದ್ದು ಸುಮಾರು ಒಂದು ಶತಮಾನ ಮಾತ್ರ. ಹದಿನೈದನೆಯ ಶತಮಾನದಲ್ಲಿ ಪಾಚಾಕುತಿ ಎಂಬ ಅರಸನ ಕಾಲಕ್ಕೆ ಹಬ್ಬತೊಡಗಿದ ಆ ರಾಜ್ಯವು, 1532ರ ನವೆಂಬರಿನಲ್ಲಿ ಸ್ಪೇನಿನ ಪಿಜಾರೋ ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದಾಗ ಕುಸಿಯಿತು. ಅದಕ್ಕೂ ಹಿಂದೆ ನಾಲ್ಕು ಸಾವಿರ ವರ್ಷಗಳಿಗೂ ಮಿಗಿಲಾಗಿ ಅದೇ ನೆಲದಲ್ಲಿ ಊರು ಕಟ್ಟಿದವರು, ಕಾಲುವೆ ತೋಡಿದವರು, ಬಟ್ಟೆ ನೇಯ್ದವರು ಬೇರೆ ಬೇರೆ ಜನ. ಅವರ ಹೆಸರುಗಳು ಇಂಕಾ ಎಂಬ ಒಂದೇ ಹೆಸರಿನ ನೆರಳಿನಲ್ಲಿ ಮರೆಯಾಗಿವೆ.

ಉಪಾಧ್ಯಾಯರೂ ನಿವೃತ್ತ ನೌಕರರೂ ಕೂಡಿದ ಹದಿನಾರು ಮಂದಿಯ ತಂಡದಲ್ಲಿ, ಸ್ಥಳೀಯ ಮಾರ್ಗದರ್ಶಕರೊಬ್ಬರ ಜೊತೆಯಲ್ಲಿ, ನಾವು ಆ ನಾಡನ್ನು ನೋಡಿಬಂದೆವು. ಹಳೆಯದನ್ನು ಮೊದಲು, ಇಂಕಾಗಳದನ್ನು ಕೊನೆಗೆ ಕಾಣುವಂತೆ ದಾರಿಯನ್ನು ಗೊತ್ತುಮಾಡಿದ್ದುದು ಈ ಪ್ರವಾಸದ ವಿಶೇಷ.

ಮರಳಿನ ನಡುವೆ ಮೊದಲ ನಗರ

ರಾಜಧಾನಿ ಲೀಮಾದಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿ ಸೂಪೆ ಎಂಬ ನದಿಯ ಕಣಿವೆ. ಸಮುದ್ರ ಹತ್ತಿರವಿದ್ದರೂ ಅಲ್ಲಿ ಮಳೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ನದಿಯ ಎರಡು ದಡಗಳಲ್ಲಿ ಹಸಿರು, ಅದರಾಚೆಗೆ ಬರಿಯ ಮರಳು. ಆ ಮರಳಿನ ದಿಬ್ಬದ ಮೇಲೆ ಕರಾಲ್ ನಗರದ ಆರು ದೊಡ್ಡ ಪಿರಮಿಡ್ಡುಗಳು ನಿಂತಿವೆ. ಪೆರುವಿನ ಪುರಾತತ್ವಜ್ಞೆ ರೂತ್ ಶಾಡಿ ಅವರು 1990ರ ದಶಕದಲ್ಲಿ ಇಲ್ಲಿ ಉತ್ಖನನ ಕೈಗೊಂಡರು. ನಗರವು ಸುಮಾರು ಐದು ಸಾವಿರ ವರ್ಷ ಹಳೆಯದೆಂದೂ ಈಜಿಪ್ಟಿನ ಪಿರಮಿಡ್ಡುಗಳಿಗೆ ಸಮಕಾಲೀನವೆಂದೂ ತಿಳಿದುಬಂತು. 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಇಲ್ಲಿನ ಜನರಿಗೆ ಮಡಕೆ ಮಾಡುವುದು ತಿಳಿದಿರಲಿಲ್ಲ. ಹತ್ತಿ ಬೆಳೆಯುವುದು ಮಾತ್ರ ಚೆನ್ನಾಗಿ ತಿಳಿದಿತ್ತು. ಒಳನಾಡಿನ ಹತ್ತಿಯಿಂದ ಬಲೆ, ಕಡಲ ಕರೆಯಿಂದ ಒಣಮೀನು, ಹೀಗೆ ಕೊಟ್ಟು ಕೊಳ್ಳುವ ವ್ಯವಹಾರದಿಂದ ನಗರ ಬೆಳೆಯಿತು. ಹುಲ್ಲಿನ ಜಾಳಿಗೆ ಚೀಲಗಳಲ್ಲಿ ಕಲ್ಲು ತುಂಬಿ, ಚೀಲದ ಸಮೇತ ಅಡಿಪಾಯಕ್ಕೆ ಇಳಿಸಿದ್ದರು. ಭೂಮಿ ನಡುಗಿದಾಗ ಕಲ್ಲುಗಳು ಚದರದೆ ಅಲ್ಲಲ್ಲೇ ಕುಳಿತುಕೊಳ್ಳುತ್ತವೆಂಬುದು ತಜ್ಞರ ವಿವರಣೆ. ಆ ಹುಲ್ಲಿನ ಹೆಣಿಗೆ ಇನ್ನೂ ಉಳಿದಿದೆ! ಹಕ್ಕಿಯ ಮೂಳೆಗಳಿಂದ ಮಾಡಿದ 32 ಕೊಳಲುಗಳೂ ಇಲ್ಲಿ ಸಿಕ್ಕಿವೆ. ಅರಸನೊಬ್ಬನ ಹೆಸರೂ ತಿಳಿಯದ ಊರಿನಲ್ಲಿ ಕೊಳಲೂದಿದವರ ಕುರುಹು ಉಳಿದಿರುವುದನ್ನು ಕಂಡು ನಮಗೆ ಸೋಜಿಗವಾಯಿತು.

ಚಿನ್ನದ ಶೇಂಗಾ

ಅಲ್ಲಿಂದ ಉತ್ತರದ ಕರಾವಳಿಯಲ್ಲಿ ಸಾಗಿ, ಚಿಮು ಜನರ ರಾಜಧಾನಿ ಚಾನ್ ಚಾನ್ ಎಂಬ ವಿಶಾಲವಾದ ಮಣ್ಣಿನ ನಗರವನ್ನು ನೋಡಿಕೊಂಡು, ಲಾಂಬಾಯೆಕೆ ಪಟ್ಟಣವನ್ನು ಸೇರಿದೆವು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿರುವುದು ಸಿಪಾನಿನ ಪ್ರಭುವಿನ ಸಮಾಧಿಯ ಒಡವೆಗಳು. ಆತ ಮೋಚೆ ಎಂಬ ಜನಾಂಗದ ನಾಯಕ. ಇಂಕಾಗಳಿಗಿಂತ ಸಾವಿರ ವರ್ಷ ಹಿಂದಿನವನು. ನೆರೆಯ ಗೋರಿಯನ್ನು ಕಳ್ಳರು ಅಗೆದ ಸುದ್ದಿ ತಿಳಿದು ಪುರಾತತ್ವಜ್ಞ ವಾಲ್ಟರ್ ಆಲ್ವಾ ಅವರು 1987ರಲ್ಲಿ ಅಲ್ಲಿಗೆ ಧಾವಿಸಿದ್ದರಿಂದ ಈ ಸಮಾಧಿ ಉಳಿಯಿತು.

ಆ ಒಡವೆಗಳ ನಡುವೆ ಒಂದು ಹಾರ ನಮ್ಮ ಕಾಲನ್ನು ಕಟ್ಟಿಹಾಕಿತು. ಅದರ ಮಣಿಗಳೆಲ್ಲ ಶೇಂಗಾ ಕಾಯಿಗಳು! ಒಂದು ಪಕ್ಕ ಚಿನ್ನದವು, ಇನ್ನೊಂದು ಪಕ್ಕ ಬೆಳ್ಳಿಯವು. ಸಿಪ್ಪೆಯ ಮೇಲಣ ಗೆರೆಗಳನ್ನೂ ಬಿಡದೆ ಎರಕ ಹೊಯ್ದಂತೆ ತಿದ್ದಿದ್ದಾರೆ. ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಒಕ್ಕಲು ಮಕ್ಕಳು ಮಳೆಯ ದಾರಿ ಕಾಯುತ್ತ ಬಿತ್ತುವ ಶೇಂಗಾ ಮೂಲತಃ ದಕ್ಷಿಣ ಅಮೆರಿಕದ್ದು. ನಮ್ಮ ಅಡಿಗೆಯ ಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊಗಳೂ ಅಮೆರಿಕದ ನೆಲದಿಂದಲೇ ಬಂದವು. ಇವನ್ನು ಕಾಡುಗಿಡಗಳಿಂದ ಆರಿಸಿ ತಲೆತಲಾಂತರವಾಗಿ ಪಳಗಿಸಿದ ರೈತರು ಇಂಕಾ ಎಂಬ ಹೆಸರು ಹುಟ್ಟುವ ಮೊದಲೇ ಬಾಳಿ ಹೋದವರು. ನಾವು ದಿನನಿತ್ಯ ಉಣ್ಣುವುದು ಅವರ ದುಡಿಮೆಯ ಫಲವನ್ನೇ.

ಕುಸ್ಕೋ ಮತ್ತು ಮಾಚು ಪಿಚು

ಕರಾವಳಿಯಿಂದ ವಿಮಾನದಲ್ಲಿ ಆಂಡೀಸ್ ಪರ್ವತದ ಕುಸ್ಕೋ ನಗರಕ್ಕೆ ಬಂದಿಳಿದೆವು. ಇಲ್ಲಿಯ ಎತ್ತರ ಸುಮಾರು 3400 ಮೀಟರು. ಗಾಳಿ ತೆಳುವಾದ್ದರಿಂದ ನಮ್ಮಲ್ಲಿ ಹಲವರಿಗೆ ತಲೆನೋವು, ಉಬ್ಬಸ. ಹೋಗಬಯಸುವ ಹಿರಿಯರು ಮೊದಲ ಎರಡು ದಿನ ಮೆಲ್ಲಗೆ ನಡೆಯಬೇಕು, ಮಿತವಾಗಿ ಉಣ್ಣಬೇಕು, ಹೊರಡುವ ಮುನ್ನ ವೈದ್ಯರನ್ನು ಕೇಳಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಜೋಳದ ತೆನೆ, ಕಿನುವಾ ಎಂಬ ಧಾನ್ಯದ ಗಂಜಿ ದೊರೆಯುತ್ತವೆ.

ಕುಸ್ಕೋ ಇಂಕಾಗಳ ರಾಜಧಾನಿ. ಇಲ್ಲಿಯ ಸೂರ್ಯ ದೇವಾಲಯವಾದ ಕೊರಿಕಾಂಚದ ಮೇಲೆ ಸ್ಪೇನಿನವರು ತಮ್ಮ ಇಗರ್ಜಿಯನ್ನು ಕಟ್ಟಿದರು. 1950ರ ಭೂಕಂಪದಲ್ಲಿ ಇಗರ್ಜಿಗೆ ಬಹಳ ಹಾನಿಯಾಯಿತು. ಒಳಗಿನ ಇಂಕಾ ಗೋಡೆಗಳು ಅಲುಗಾಡದೆ ಉಳಿದು ಬೆಳಕಿಗೆ ಬಂದವು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ, ಗೋಡೆಯನ್ನು ಒಳಕ್ಕೆ ಕೊಂಚ ವಾಲಿಸಿ ಕಟ್ಟಿದ್ದರ ಗುಣವಿದು. ಅವರಲ್ಲಿ ಕಬ್ಬಿಣದ ಉಳಿಯೂ ಇರಲಿಲ್ಲ, ಚಕ್ರದ ಬಂಡಿಯೂ ಇರಲಿಲ್ಲ. ಗಟ್ಟಿ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಹದಗೊಳಿಸಿದರು. ಆದರೆ ಈ ಜಾಣ್ಮೆಯೂ ಏಕಾಏಕಿ ಹುಟ್ಟಿದ್ದಲ್ಲ. ತಿತಿಕಾಕಾ ಸರೋವರದ ಬಳಿಯ ತಿವಾನಾಕು ಜನರು ಅದಕ್ಕೂ ಹಲವು ಶತಮಾನ ಮೊದಲೇ ದೊಡ್ಡ ಕಲ್ಲುಗಳನ್ನು ನಯವಾಗಿ ಕಡೆದು ಕೂಡಿಸಿದ್ದರು. ಕುಸ್ಕೋದ ಸಮೀಪದಲ್ಲೇ ವಾರಿ ಎಂಬ ಜನಾಂಗದವರು ಕಟ್ಟಿದ ಪಿಕಿಯಾಕ್ತಾ ಎಂಬ ಪಟ್ಟಣದ ಅವಶೇಷವಿದೆ. ಇಂಕಾ ಹೆದ್ದಾರಿಗಳಲ್ಲಿ ಕೆಲವು ಈ ವಾರಿಗಳ ಹಾದಿಯನ್ನೇ ಅನುಸರಿಸಿದವೆಂದು ವಿದ್ವಾಂಸರು ಹೇಳುತ್ತಾರೆ.

ಮಾಚು ಪಿಚು 2430 ಮೀಟರು ಎತ್ತರದಲ್ಲಿದೆ. ಟಿಕೀಟಿನಲ್ಲಿ ನಮೂದಿಸಿದ ಹೊತ್ತಿಗೆ, ಗೊತ್ತುಮಾಡಿದ ದಾರಿಯಲ್ಲಿಯೇ ನಡೆಯಬೇಕು. ಚೆಲುವನ್ನು ವರ್ಣಿಸುವ ಗೋಜಿಗೆ ನಾವು ಹೋಗುವುದಿಲ್ಲ. ಚಿತ್ರಗಳಲ್ಲಿ ಎಲ್ಲರೂ ಕಂಡಿದ್ದಾರೆ. ಚಿತ್ರದಲ್ಲಿ ಕಾಣದುದು ನೆಲದೊಳಗಿನ ಕೆಲಸ. ಅಬ್ಬರದ ಮಳೆಯ ಆ ಕಡಿದಾದ ಬೆಟ್ಟ ಜಾರದಂತೆ ಮೆಟ್ಟಿಲು ಹೊಲಗಳ ಅಡಿಯಲ್ಲಿ ಕಲ್ಲು, ಜಲ್ಲಿ, ಮರಳು, ಮಣ್ಣು ಎಂದು ಪದರ ಪದರವಾಗಿ ಹಾಸಿದ್ದಾರೆ. ಬುಗ್ಗೆಯ ನೀರನ್ನು ಕಾಲುವೆಯಲ್ಲಿ ತಂದು, 16 ನೀರಿನ ದೋಣಿಗಳಿಗೆ ಒಂದರಿಂದ ಒಂದಕ್ಕೆ ಇಳಿಸಿದ್ದಾರೆ.

1911ರಲ್ಲಿ ಅಮೆರಿಕದ ಹೈರಾಮ್ ಬಿಂಗ್‌ಹ್ಯಾಮ್ ಈ ಊರನ್ನು ಕಂಡುಹಿಡಿದನೆಂದು ಪುಸ್ತಕಗಳು ಬರೆದವು. ಆತ ಬೆಟ್ಟವೇರಿದಾಗ ಅಲ್ಲಿ ರೈತ ಕುಟುಂಬಗಳು ಉಳುಮೆ ಮಾಡಿಕೊಂಡಿದ್ದುವು. ಅವರ ಮನೆಯ ಹುಡುಗನೇ ಆತನಿಗೆ ದಾರಿ ತೋರಿಸಿದ. ಅಲ್ಲಿಂದ ಯೇಲ್ ವಿಶ್ವವಿದ್ಯಾಲಯಕ್ಕೆ ಒಯ್ದ ವಸ್ತುಗಳು ಒಂದು ಶತಮಾನದ ಬಳಿಕ, 2011 ಮತ್ತು 2012ರಲ್ಲಿ, ಪೆರುವಿಗೆ ಮರಳಿದವು.

ಉಳಿದ ಮಾತು

ಕುಸ್ಕೋದ ಸಂತೆಯಲ್ಲಿ ಹೆಂಗಸರು ಆಡುತ್ತಿದ್ದ ಮಾತು ಸ್ಪ್ಯಾನಿಷ್ ಆಗಿರಲಿಲ್ಲ. ಅದು ಕೆಚುವಾ. ಇಂಕಾ ಅರಸರು ಅದನ್ನು ರಾಜ್ಯದ ಭಾಷೆಯನ್ನಾಗಿ ಬಳಸಿದರೂ ಅದು ಅವರಿಗಿಂತ ಹಳೆಯದು. ಅದಕ್ಕೆ ಲಿಪಿಯಿರಲಿಲ್ಲ, ಲೆಕ್ಕಗಳನ್ನು ಕಿಪು ಎಂಬ ಗಂಟು ಹಾಕಿದ ನೂಲಿನಲ್ಲಿ ಇಡುತ್ತಿದ್ದರು. ರಾಜ್ಯ ಬಿದ್ದ ಮೇಲೆ ಸ್ಪ್ಯಾನಿಷ್ ಆಳಿತು. ಇಂದು ಕೆಚುವಾ ಆಡುವವರು ಪೆರು, ಬೊಲಿವಿಯಾ, ಈಕ್ವೆಡಾರ್ ಮೊದಲಾದ ದೇಶಗಳ ಗಡಿಗಳಲ್ಲಿ ಹಂಚಿಹೋಗಿದ್ದಾರೆ.

ತಮ್ಮ ತಂದೆಯವರ ಕಾಲದಲ್ಲಿ ಶಾಲೆಯಲ್ಲಿ ಕೆಚುವಾ ಆಡಿದ ಮಗುವಿಗೆ ಏಟು ಬೀಳುತ್ತಿತ್ತೆಂದು ನಮ್ಮ ಮಾರ್ಗದರ್ಶಕರು ಹೇಳಿದರು. 1975ರಲ್ಲಿ ಪೆರು ಅದನ್ನು ಅಧಿಕೃತ ಭಾಷೆಯೆಂದು ಒಪ್ಪಿತು. ಆದರೂ ತಮ್ಮ ಮಕ್ಕಳಿಗೆ ಅದು ಅರ್ಥವಾಗುತ್ತದೆಯೇ ಹೊರತು ಆಡಲು ನಾಚುತ್ತಾರೆಂದು ಅವರು ಮೆಲುದನಿಯಲ್ಲಿ ಸೇರಿಸಿದರು. ಗಡಿಯಾಚೆ ಕನ್ನಡ ಕಲಿಸುವ ಉಪಾಧ್ಯಾಯರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕುಸ್ಕೋ ಪ್ರಾಂತದಲ್ಲಿ ಅಪುರಿಮಾಕ್ ನದಿಯ ಮೇಲೆ ಕೆಸ್ವಾಚಾಕಾ ಎಂಬ ಹುಲ್ಲಿನ ಹಗ್ಗದ ಸೇತುವೆಯಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಸುತ್ತಣ ಹಳ್ಳಿಗಳ ಕೆಚುವಾ ಜನರು ಮನೆಮನೆಯಿಂದ ಹೊಸೆದ ಹಗ್ಗ ತಂದು, ಹಳೆಯದನ್ನು ತೆಗೆದು ಹೊಸದನ್ನು ಹೆಣೆಯುತ್ತಾರೆ. ಇಂಕಾ ಕಾಲದ ಹಾದಿಗಳಲ್ಲಿದ್ದ ಅಂಥ ಸೇತುವೆಗಳಲ್ಲಿ ಇದು ಇಂದಿಗೂ ನಿಂತಿದೆ. ಕಲ್ಲು ತನ್ನ ಬಲದಿಂದ ಉಳಿದೀತು. ಹುಲ್ಲಿನ ಸೇತುವೆ ಮನೆಮನೆಯ ಪಾಲಿನ ಹಗ್ಗದಿಂದ ಮಾತ್ರ ಉಳಿಯುತ್ತದೆ. ತಾಯ್ನುಡಿಯೂ ಹಾಗೆಯೇ.