ಎಡ್ಡಿ ರಾಬಿನ್ಸನ್

ಎಡ್ಡಿ ರಾಬಿನ್ಸನ್ (ಫೆಬ್ರುವರಿ 13, 1919 – ಏಪ್ರಿಲ್ 3, 2007) ಅವರು ಅಮೆರಿಕನ್ ಫುಟ್‌ಬಾಲ್ ಕ್ರೀಡೆಯ ಆಫ್ರಿಕನ್-ಅಮೆರಿಕನ್ ತರಬೇತುದಾರರು. ಲೂಯಿಸಿಯಾನ ರಾಜ್ಯದ ಗ್ರಾಂಬ್ಲಿಂಗ್ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ 1941ರಿಂದ 1997ರವರೆಗೆ ತರಬೇತಿ ನೀಡಿದರು. ಅವರ ಮಾರ್ಗದರ್ಶನದಲ್ಲಿ ತಂಡವು 408 ಪಂದ್ಯಗಳನ್ನು ಗೆದ್ದು, 165ರಲ್ಲಿ ಸೋತು, 15ರಲ್ಲಿ ಸಮಬಲ ಸಾಧಿಸಿತು.

ಆರಂಭಿಕ ಜೀವನ

ರಾಬಿನ್ಸನ್ ಅವರು ಲೂಯಿಸಿಯಾನದ ಜಾಕ್ಸನ್ ಪಟ್ಟಣದಲ್ಲಿ ಜನಿಸಿದರು. ತಂದೆ ಪಾಲಿನ ಬೇಸಾಯ ಮಾಡುತ್ತಿದ್ದರು. ತಾಯಿ ಇತರರ ಮನೆಗಳಲ್ಲಿ ಕೆಲಸಕ್ಕಿದ್ದರು. ಲೆಲ್ಯಾಂಡ್ ಕಾಲೇಜಿನಲ್ಲಿ ಪದವಿ ಪಡೆದ ಬಳಿಕ ಅವರು ಬ್ಯಾಟನ್ ರೂಜ್ ನಗರದ ಪಶು ಆಹಾರದ ಗಿರಣಿಯೊಂದರಲ್ಲಿ ಗಂಟೆಗೆ 25 ಸೆಂಟ್ ಕೂಲಿಗೆ ದುಡಿದರು.

ಗ್ರಾಂಬ್ಲಿಂಗ್‌ನಲ್ಲಿ

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವು ಕಾನೂನಿನ ಬೆಂಬಲವನ್ನೇ ಪಡೆದಿತ್ತು. ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ವರ್ಣದ ವಿದ್ಯಾರ್ಥಿಗಳಿಗೂ ತರಬೇತುದಾರರಿಗೂ ಪ್ರವೇಶವಿರಲಿಲ್ಲ. ಹೀಗಾಗಿ ಕಪ್ಪು ಜನರಿಗಾಗಿಯೇ ಇದ್ದ ಗ್ರಾಂಬ್ಲಿಂಗ್‌ನ ಪುಟ್ಟ ಸಂಸ್ಥೆಯನ್ನು ರಾಬಿನ್ಸನ್ ತಮ್ಮ 22ನೆಯ ವಯಸ್ಸಿನಲ್ಲಿ ಸೇರಿದರು. ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಪಂದ್ಯದ ವರದಿ ಬರೆದು ಪತ್ರಿಕೆಗಳಿಗೆ ಕಳುಹಿಸುವುದು, ಇವೆಲ್ಲವೂ ಅವರ ಪಾಲಿಗೇ ಬಂದವು. ಮೊದಲ ವರ್ಷ ತಂಡವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ 1942ರಲ್ಲಿ ಆಡಿದ 9 ಪಂದ್ಯಗಳನ್ನೂ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಗೆದ್ದಿತು. ಮಹಾಯುದ್ಧದ ನಿಮಿತ್ತ 1943 ಮತ್ತು 1944ರಲ್ಲಿ ತಂಡವಿರಲಿಲ್ಲ.

1985ರಲ್ಲಿ ರಾಬಿನ್ಸನ್ ಅವರು ತಮ್ಮ 324ನೆಯ ವಿಜಯದೊಂದಿಗೆ ಅಲಬಾಮದ ಪ್ರಸಿದ್ಧ ತರಬೇತುದಾರ ಬೇರ್ ಬ್ರಯಂಟ್ ಅವರ ದಾಖಲೆಯನ್ನು ಮೀರಿದರು. 400 ವಿಜಯಗಳನ್ನು ಮುಟ್ಟಿದ ಮೊದಲ ಕಾಲೇಜು ತರಬೇತುದಾರರೂ ಅವರೇ.

ಶಿಷ್ಯರು

ಅವರ 200ಕ್ಕೂ ಹೆಚ್ಚು ಶಿಷ್ಯರು ವೃತ್ತಿಪರ ಆಟಗಾರರಾದರು. 1949ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದ ಟ್ಯಾಂಕ್ ಯಂಗರ್, ಕಪ್ಪು ಜನರ ಕಾಲೇಜಿನಿಂದ ನ್ಯಾಷನಲ್ ಫುಟ್‌ಬಾಲ್ ಲೀಗ್‌ಗೆ ಬಂದ ಮೊದಲಿಗರು. ಆಟದ ನಡೆಯನ್ನು ನಿರ್ದೇಶಿಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಕಪ್ಪು ಆಟಗಾರರು ತಕ್ಕವರಲ್ಲವೆಂಬ ಪೂರ್ವಗ್ರಹ ಬಹುಕಾಲ ಬೇರೂರಿತ್ತು. 1988ರ ಜನವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಅದೇ ಸ್ಥಾನದಲ್ಲಿ ಆಡಿ ವಾಷಿಂಗ್ಟನ್ ತಂಡವನ್ನು ಗೆಲ್ಲಿಸಿದ ಡಗ್ ವಿಲಿಯಮ್ಸ್, ಪಂದ್ಯದ ಶ್ರೇಷ್ಠ ಆಟಗಾರರೆನಿಸಿದರು. ಅವರೂ ರಾಬಿನ್ಸನ್ ಅವರ ಶಿಷ್ಯರೇ.

ಕೊನೆಯ ವರ್ಷಗಳು

ವರ್ಣಭೇದದ ಕಟ್ಟುಪಾಡುಗಳು ಸಡಿಲಗೊಂಡಂತೆ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳತೊಡಗಿದವು. ಹಿಂದೆ ಗ್ರಾಂಬ್ಲಿಂಗ್‌ಗೆ ಬರುತ್ತಿದ್ದ ಪ್ರತಿಭಾವಂತರು ಅತ್ತ ಹೊರಳಿದರು. ಸಮಾಜಕ್ಕೆ ಒಳಿತಾದ ಈ ಬದಲಾವಣೆಯೇ ಕಪ್ಪು ಜನರ ಕಾಲೇಜು ತಂಡಗಳಿಗೆ ಕಠಿಣವಾಯಿತು. ರಾಬಿನ್ಸನ್ ಅವರ ಕೊನೆಯ ಮೂರು ವರ್ಷಗಳಲ್ಲಿ ತಂಡದ ಸೋಲುಗಳು ಗೆಲುವುಗಳನ್ನು ಮೀರಿದವು. 1997ರಲ್ಲಿ ಅವರು ನಿವೃತ್ತರಾದರು. 2007ರಲ್ಲಿ ರಸ್ಟನ್ ನಗರದಲ್ಲಿ ನಿಧನರಾದರು. ಅವರ ಸ್ಮರಣೆಗಾಗಿ ಗ್ರಾಂಬ್ಲಿಂಗ್‌ನಲ್ಲಿ ವಸ್ತುಸಂಗ್ರಹಾಲಯವೊಂದಿದೆ.