ಲಂಕೆಗೆ ಟಿಕೆಟ್ ತೆಗೆಸುವ ಮುನ್ನ ಪಂಚಾಂಗ ನೋಡಿ

ಶ್ರೀಲಂಕಾ ಪ್ರವಾಸಕ್ಕೆ ಯಾವಾಗ ಹೋಗಬೇಕೆಂದು ವಿಚಾರಿಸಿದರೆ ಟ್ರಾವೆಲ್ಸ್‌ನವರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸೀಸನ್, ಮಿಕ್ಕಿದ್ದು ಆಫ್ ಸೀಸನ್. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಮಾತು ಗಾಲೆ, ಹಿಕ್ಕಡುವ, ಬೆಂತೋಟ, ಮಿರಿಸ್ಸ ಇರುವ ನೈಋತ್ಯದ ಕರಾವಳಿಗೆ ಸಲ್ಲುವಂಥದ್ದು. ತಮ್ಮೂರಿನ ಹಿಮದಿಂದ ತಪ್ಪಿಸಿಕೊಂಡು ಬಿಸಿಲು ಹುಡುಕಿ ಬರುವ ಯುರೋಪಿನವರಿಗೆ ಅಷ್ಟು ಸಾಕು. ವರ್ಷವಿಡೀ ಬಿಸಿಲು ಕಾಣುವ ನಮಗೆ ಆ ಲೆಕ್ಕವನ್ನೇ ಹಿಡಿದು ಹೊರಡುವ ಅಗತ್ಯವಿಲ್ಲ. ನೋಡಬೇಕಾದ ಊರುಗಳ ಪಟ್ಟಿಯನ್ನು ಮೊದಲು ಬರೆದು, ಆಮೇಲೆ ರಜೆ ಹೊಂದಿಸುವ ನಮ್ಮ ರೂಢಿ ಈ ದ್ವೀಪದ ಮಟ್ಟಿಗೆ ತಲೆಕೆಳಗು. ಇಲ್ಲಿ ತಿಂಗಳು ಮೊದಲು ನಿಶ್ಚಯವಾಗಬೇಕು, ಊರು ಆಮೇಲೆ. ತಿಂಗಳನ್ನು ಆರಿಸುವುದಕ್ಕೆ ಆ ನಾಡಿನ ಹಬ್ಬಗಳಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಮೊದಲು ಮಳೆಯ ವಿಚಾರ. 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಸುಮಾರು ಮೂರನೇ ಒಂದು ಪಾಲು ವಿಸ್ತಾರವಿರುವ ಈ ದ್ವೀಪಕ್ಕೆ ಮಳೆ ಎರಡು ದಿಕ್ಕಿನಿಂದ ಬರುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬೀಸುವುದು ನಮಗೆ ಮುಂಗಾರು ತರುವ ಅದೇ ನೈಋತ್ಯದ ಗಾಳಿ. ಅದು ಕೊಲಂಬೊ, ಗಾಲೆ, ರತ್ನಪುರಗಳನ್ನು ತೋಯಿಸಿ ದ್ವೀಪದ ನಡುವಿನ ಬೆಟ್ಟಗಳಿಗೆ ಬಡಿಯುತ್ತದೆ. ಅಲ್ಲಿನ ಅತಿ ಎತ್ತರದ ಶಿಖರ ಪಿದುರುತಲಾಗಲ 2,524 ಮೀಟರ್. ಆ ಬೆಟ್ಟಸಾಲನ್ನು ದಾಟುವಷ್ಟರಲ್ಲಿ ಗಾಳಿಯ ತೇವ ಬಹುಪಾಲು ಸುರಿದುಹೋಗಿ, ಪೂರ್ವದ ಬಟ್ಟಿಕಲೋವಾ ಕಡೆಗೆ ಅದು ಒಣ ಬಿಸಿಗಾಳಿಯಾಗಿ ಇಳಿಯುತ್ತದೆ. ಅಲ್ಲಿನವರು ಅದನ್ನು ಕಚ್ಚಾನ್ ಎಂದು ಕರೆಯುತ್ತಾರೆ. ಆಗುಂಬೆ ಜಡಿಮಳೆಯಲ್ಲಿ ನೆನೆಯುವಾಗ ಚಿತ್ರದುರ್ಗ ಮುಗಿಲು ನೋಡುತ್ತಾ ಕೂರುವುದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಎಲ್ಲವೂ ಅದಲುಬದಲು: ಈಶಾನ್ಯದ ಗಾಳಿ ಪೂರ್ವಕ್ಕೂ ಉತ್ತರಕ್ಕೂ ಮಳೆ ತರುತ್ತದೆ, ಗಾಲೆಯ ಕಡಲು ಶಾಂತವಾಗುತ್ತದೆ. ತಿಮಿಂಗಿಲ ನೋಡುವ ದೋಣಿಗಳು ಕೂಡ ಈ ಗಾಳಿಯನ್ನೇ ಅನುಸರಿಸುತ್ತವೆ; ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಿರಿಸ್ಸದಲ್ಲಿ, ಮೇ ನಂತರ ಟ್ರಿಂಕೋಮಲಿಯಲ್ಲಿ. ಎರಡು ಗಾಳಿಗಳ ನಡುವೆ ಎರಡು ಸಂಧಿಕಾಲಗಳಿವೆ. ಮಾರ್ಚ್–ಏಪ್ರಿಲ್‌ನದು ಸೆಕೆ ಮತ್ತು ಮಧ್ಯಾಹ್ನದ ಗುಡುಗುಮಳೆಯ ಕಾಲ, ಹೊಂದಿಕೊಂಡು ತಿರುಗಾಡಬಹುದು. ಅಕ್ಟೋಬರ್–ನವೆಂಬರ್‌ನದು ದ್ವೀಪದ ಬಹುತೇಕ ಎಲ್ಲ ಕಡೆಗೂ ಮಳೆ ಹಂಚುವ ಕಾಲ.

ಇಷ್ಟನ್ನು ಯಾವ ಹವಾಮಾನ ಕೋಷ್ಟಕವೂ ಹೇಳೀತು, ಹಬ್ಬಗಳೇಕೆ ಬೇಕು ಎಂದು ಕೇಳಬಹುದು. ಶ್ರೀಪಾದ ಬೆಟ್ಟವನ್ನು ನೋಡಿ. 2,243 ಮೀಟರ್ ಎತ್ತರದ ಆ ಶಿಖರದ ಪಾದದ ಗುರುತಿಗೆ ಬೌದ್ಧರು, ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ತಮ್ಮ ತಮ್ಮ ನಂಬಿಕೆಯಂತೆ ನಮಸ್ಕರಿಸುತ್ತಾರೆ. ಅಲ್ಲಿನ ಯಾತ್ರೆ ಡಿಸೆಂಬರ್ ಹುಣ್ಣಿಮೆಗೆ ಶುರುವಾಗಿ ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಮುಗಿಯುತ್ತದೆ. ಬೆಟ್ಟದ ಒಡೆಯನೆಂದು ನಂಬುವ ಸಮನ್ ದೇವರ ಮೂರ್ತಿಯನ್ನು ಯಾತ್ರೆಯ ಆರಂಭದಲ್ಲಿ ಪೆಲ್ಮಡುಲ್ಲದ ವಿಹಾರದಿಂದ ಮೇಲಕ್ಕೆ ಒಯ್ದು, ಮುಗಿದ ಮೇಲೆ ಕೆಳಗೆ ತರುತ್ತಾರೆ. ನೈಋತ್ಯದ ಮಳೆ ಅಪ್ಪಳಿಸುವ ತಿಂಗಳುಗಳಲ್ಲಿ ದೇವರೇ ಬೆಟ್ಟದ ಮೇಲಿರುವುದಿಲ್ಲ. ದಾರಿಯ ದೀಪಗಳೂ ಚಹಾ ಅಂಗಡಿಗಳೂ ಇರುವುದು ಯಾತ್ರೆಯ ಕಾಲದಲ್ಲಷ್ಟೇ. ಎಂದು ಹತ್ತಬೇಕು, ಎಂದು ಬಿಡಬೇಕು ಎಂಬುದನ್ನು ಹೇಳಲು ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕೇ? ಬೇಸಾಯದ ಹಬ್ಬವೂ ಹಾಗೆಯೇ. ಅಕ್ಟೋಬರ್ ಸುಮಾರಿಗೆ ಬಿತ್ತುವ ಮಹಾ ಹಂಗಾಮಿನ ಭತ್ತ ಫೆಬ್ರುವರಿ–ಮಾರ್ಚ್‌ಗೆ ಕೊಯ್ಲಾಗಿ ಕಣಜ ತುಂಬಿದ ಮೇಲೆ, ಏಪ್ರಿಲ್ ಮಧ್ಯದಲ್ಲಿ ಸಿಂಹಳೀಯರೂ ತಮಿಳರೂ ಒಟ್ಟಿಗೆ ಹೊಸ ವರ್ಷ ಆಚರಿಸುತ್ತಾರೆ. ಸೂರ್ಯ ಮೇಷಕ್ಕೆ ಬರುವ ಅದೇ ಸಂಕ್ರಮಣವನ್ನು ತುಳುನಾಡು ಬಿಸು ಎಂದು ಆಚರಿಸುತ್ತದೆ. ಇನ್ನು ಕ್ಯಾಂಡಿಯ ಎಸಲ ಪೆರಹರ: ಬುದ್ಧನ ದಂತಧಾತುವಿನ ಗೌರವಾರ್ಥ ನಡೆಯುವ ಈ ಮೆರವಣಿಗೆಯ ಬೇರು ಮಳೆಗಾಗಿ ದೇವತೆಗಳನ್ನು ಬೇಡುವ ಹಳೆಯ ಆಚರಣೆಯಲ್ಲಿದೆ ಎನ್ನುತ್ತಾರೆ. ಹೀಗೆ ಮಳೆಗೂ ಬೆಳೆಗೂ ಕಟ್ಟುಬಿದ್ದ ಹಬ್ಬಗಳ ನಾಡಿನಲ್ಲಿ ಹಬ್ಬವನ್ನು ಹಿಡಿದು ಹೊರಟವರಿಗೆ ಹವೆಯ ತಿಳಿವಳಿಕೆ ತಾನಾಗಿ ಸಿಗುತ್ತದೆ.

ಆದ್ದರಿಂದಲೇ ಸೀಸನ್ ಅಲ್ಲವೆಂದು ಪಕ್ಕಕ್ಕಿಟ್ಟ ಜುಲೈ–ಆಗಸ್ಟ್ ನನ್ನ ಎಣಿಕೆಯಲ್ಲಿ ಲಂಕೆಯ ಅತ್ಯಂತ ಸಮೃದ್ಧ ಕಾಲ. ಜಾಫ್ನಾದ ನಲ್ಲೂರು ಕಂದಸ್ವಾಮಿ ದೇವಸ್ಥಾನದಲ್ಲಿ ಧ್ವಜಾರೋಹಣದಿಂದ ಮೊದಲಾಗಿ ಇಪ್ಪತ್ತೈದು ದಿನ ಉತ್ಸವ. ಕೊನೆಗೆ ಬರುವ ತೇರಿನ ದಿನ ಉತ್ತರದ ತಮಿಳರೆಲ್ಲ ಅಲ್ಲಿ ನೆರೆದಂತಿರುತ್ತದೆ. ಅಂತರ್ಯುದ್ಧದ ದೀರ್ಘ ವರ್ಷಗಳನ್ನು ಕಂಡ ಆ ಊರಿನಲ್ಲಿ ಈ ಜನಸಾಗರಕ್ಕೆ ಇರುವ ಅರ್ಥ ದೊಡ್ಡದು. ದಕ್ಷಿಣದ ಕತರಗಾಮದಲ್ಲಿ ಅದೇ ಸ್ಕಂದನಿಗೆ ಮತ್ತೊಂದು ಉತ್ಸವ. ಅದಕ್ಕಾಗಿ ಜಾಫ್ನಾದಿಂದ ಪೂರ್ವ ಕರಾವಳಿಯುದ್ದಕ್ಕೂ ನಡೆದು, ಯಾಲದ ಕಾಡು ದಾಟಿ ಬರುವ ಪಾದಯಾತ್ರಿಗಳಿದ್ದಾರೆ. ನಡುನಾಡಿನ ಮಿನ್ನೇರಿಯದಲ್ಲಿ ಮೂರನೇ ಶತಮಾನದ ಮಹಾಸೇನ ರಾಜ ಕಟ್ಟಿಸಿದ ಕೆರೆಯ ನೀರು ಈ ಒಣ ತಿಂಗಳುಗಳಲ್ಲಿ ಹಿಂದೆ ಸರಿದು, ಬಯಲಾದ ಅಂಗಳದಲ್ಲಿ ಹಸಿರು ಚಿಗುರುತ್ತದೆ. ಆ ಹುಲ್ಲಿಗಾಗಿ ಆನೆಗಳು ನೂರರ ಲೆಕ್ಕದಲ್ಲಿ ಸೇರುತ್ತವೆ. ಮೇಲಿನ ಮೊರಗಹಕಂದ ಜಲಾಶಯದಿಂದ ನೀರು ಹರಿಸಿ ಕೆರೆ ತುಂಬಿಯೇ ಇದ್ದ ವರ್ಷಗಳಲ್ಲಿ ಹುಲ್ಲು ಮುಳುಗಿ ಈ ಕೂಟಕ್ಕೆ ಅಡ್ಡಿಯಾದದ್ದೂ ಉಂಟು, ಹಾಗಾಗಿ ನೀರಿನ ಮಟ್ಟ ವಿಚಾರಿಸಿಯೇ ಹೋಗಬೇಕು. ಟ್ರಿಂಕೋಮಲಿಯ ಕಡಲು ಈ ತಿಂಗಳುಗಳಲ್ಲಿ ಈಜುವಷ್ಟು ತಿಳಿ. ಇದೆಲ್ಲ ಇರುವುದು ಒಣ ಹವೆಯ ಉತ್ತರ, ಪೂರ್ವ, ಆಗ್ನೇಯಗಳಲ್ಲಿ. ಇದೇ ಕಾಲಕ್ಕೆ ಪೆರಹರ ನಡೆಯುವ ಕ್ಯಾಂಡಿಯಲ್ಲಿ ಒಂದೆರಡು ಮಳೆ ಸಿಕ್ಕೀತು, ಅಷ್ಟೆ.

ಹಬ್ಬವೆಂದರೆ ನೂಕುನುಗ್ಗಲು, ದುಪ್ಪಟ್ಟು ದರ ಎಂಬ ಆಕ್ಷೇಪವಿದೆ. ಕ್ಯಾಂಡಿಯ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಪೆರಹರದ ಕೊನೆಯ ರಾತ್ರಿಗಳಲ್ಲಿ ರೂಮಿನ ಬಾಡಿಗೆ, ರಸ್ತೆಬದಿಯ ಕುರ್ಚಿಯ ಬೆಲೆ ಎರಡೂ ಗಗನಕ್ಕೇರುತ್ತವೆ. ಆದರೆ ಬೀದಿ ಮೆರವಣಿಗೆ ಹತ್ತು ರಾತ್ರಿಗಳದು. ಮೊದಲ ಐದು ಕುಂಬಲ್, ನಂತರದ ಐದು ರಂದೋಲಿ. ರಾತ್ರಿಯಿಂದ ರಾತ್ರಿಗೆ ಆನೆಗಳೂ ಕುಣಿತದವರೂ ಹೆಚ್ಚುತ್ತಾ ಹೋಗುತ್ತಾರೆ. ಕುಂಬಲ್ ರಾತ್ರಿಗಳಲ್ಲಿ ಜನ ಕಡಿಮೆ, ಕಾಲುದಾರಿಯ ಅಂಚಿನಲ್ಲಿ ಊರವರ ಜೊತೆ ಕೂತು ಕಾಸಿಲ್ಲದೆ ನೋಡಬಹುದು. ಕ್ಯಾಂಡಿ ನೃತ್ಯದವರ ಹೆಜ್ಜೆ, ಚಾಟಿ ಬೀಸುವವರು, ಪಂಜಿನ ಬೆಳಕು ಎಲ್ಲವೂ ಹತ್ತಿರದಿಂದ ಸಿಗುವುದು ಆಗಲೇ. ದಂತಧಾತುವಿನ ಕರಂಡಕ ಹೊರುವ ಆನೆಯ ಬಗ್ಗೆ ಕನ್ನಡಿಗರಿಗೆ ವಿಶೇಷ ಅಕ್ಕರೆಯಿರಲು ಕಾರಣವೂ ಇದೆ. ಅನೇಕ ವರ್ಷ ಆ ಕರಂಡಕ ಹೊತ್ತು, 2022ರ ಮಾರ್ಚ್‌ನಲ್ಲಿ ತೀರಿಕೊಂಡ ನೆಡುಂಗಮುವೆ ರಾಜ ಹುಟ್ಟಿದ್ದು 1953ರಲ್ಲಿ, ಮೈಸೂರಿನಲ್ಲಿ. ಮರಿಯಾಗಿದ್ದಾಗಲೇ ಕಾಣಿಕೆಯಾಗಿ ಲಂಕೆಗೆ ಹೋದವನು. ಅವನನ್ನು ರಾಷ್ಟ್ರೀಯ ಸಂಪತ್ತೆಂದು ಸಾರಿ ಲಂಕೆ ಬೀಳ್ಕೊಟ್ಟಿತು.

ನೂಕುನುಗ್ಗಲು, ದರಗಳ ಆಕ್ಷೇಪಕ್ಕಿಂತ ಗಂಭೀರವಾದದ್ದು ಬೇರೊಬ್ಬರ ಪೂಜೆಯನ್ನು ನಾವು ನೋಟವಾಗಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ. ನೋಡುಗರಾಗಿಯೇ ಉಳಿಯುವುದಾದರೆ ಸರಿಯಲ್ಲ. ಆದರೆ ಈ ಹಬ್ಬಗಳು ಪರಸ್ಥಳದವರಿಗೂ ಜಾಗ ಬಿಟ್ಟಿವೆ. ವೆಸಾಕ್‌ನಲ್ಲಿ ಊರೂರಲ್ಲಿ ಬಣ್ಣದ ಕಾಗದದ ಗೂಡುದೀಪಗಳು ಮೇಲೇರುತ್ತವೆ, ದನ್ಸಲ್ ಎಂಬ ಅನ್ನದಾನದ ಚಪ್ಪರಗಳಲ್ಲಿ ಬಂದವರಿಗೆಲ್ಲ ಊಟವುಂಟು. ಸಾಲಿನಲ್ಲಿ ನಿಂತು ಉಂಡರೆ ಬಡಿಸಿದವರಿಗೆ ಸಂತೋಷ. ಬದಲಿಗೆ ನಾವು ಪಾಲಿಸಬೇಕಾದದ್ದು ಅಲ್ಪ: ವಿಹಾರಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಬಟ್ಟೆ, ಬಿಳಿಯದಾದರೆ ಇನ್ನೂ ಒಳ್ಳೆಯದು, ಬುದ್ಧನಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳಬಾರದು, ನಲ್ಲೂರಿನಲ್ಲಿ ಗಂಡಸರು ಅಂಗಿ ತೆಗೆದು ಒಳಹೋಗಬೇಕು. ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಅಂದು ಮದ್ಯ ಮಾರುವಂತಿಲ್ಲ. ಏಪ್ರಿಲ್ ಹೊಸ ವರ್ಷದ ಆಸುಪಾಸಿನಲ್ಲಿ ಕೊಲಂಬೊ ಊರಿಗೆ ಹೊರಟು ಬಸ್ಸುಗಳು ತುಂಬುತ್ತವೆ, ಅಂಗಡಿಗಳು ಮುಚ್ಚಿರುತ್ತವೆ. ಆ ದಿನಗಳಲ್ಲಿ ಒಂದೇ ಊರಿನಲ್ಲಿ, ಆದರೆ ಯಾರದಾದರೂ ಮನೆಯ ಹೋಮ್‌ಸ್ಟೇಯಲ್ಲಿ, ನೆಲೆ ನಿಲ್ಲುವುದೇ ಲೇಸು.

ಹವೆಯೇ ಹದ ತಪ್ಪಿರುವಾಗ ಈ ಲೆಕ್ಕಾಚಾರ ಎಷ್ಟು ನಂಬಿಕಸ್ಥ ಎಂಬುದು ಉಳಿದ ಪ್ರಶ್ನೆ. 2017ರ ಮೇ ಕೊನೆಯಲ್ಲಿ ಮುಂಗಾರು ಬರುತ್ತಲೇ ರತ್ನಪುರ, ಕಲುತರ ಕಡೆ ಪ್ರವಾಹ, ಭೂಕುಸಿತಗಳಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬೆಟ್ಟನಾಡನ್ನು ಕುಸಿಯಿಸಿ ನೂರಾರು ಜೀವ ತೆಗೆಯಿತು, ರೈಲು ಹಳಿಗಳನ್ನೇ ಹಾಳುಮಾಡಿತು. ಆದರೆ ಎರಡು ದುರಂತಗಳೂ ಹಳೆಯ ಋತುಲೆಕ್ಕ ಎಚ್ಚರಿಸುವ ಕಾಲದಲ್ಲೇ ಬಂದವು: ಒಂದು ಮುಂಗಾರು ಕಾಲಿಡುವ ಹೊತ್ತು, ಇನ್ನೊಂದು ಸಂಧಿಕಾಲದ ಚಂಡಮಾರುತಗಳ ಹೊತ್ತು. ಮಳೆಯ ರಭಸ ಏರಿದರೆ ಋತುವನ್ನು ಗಮನಿಸುವ ಅಗತ್ಯವೂ ಏರುತ್ತದೆ. ಈ ದೃಷ್ಟಿಯಿಂದ ನಮ್ಮ ದಸರಾ ರಜೆ ಲಂಕೆಗೆ ಅಷ್ಟು ಹೊಂದುವುದಿಲ್ಲ. ಬೇಸಗೆ ರಜೆಯವರು ಏಪ್ರಿಲ್‌ನಲ್ಲಿ ಹೋಗಿಬರಲಿ, ಮೇ ಕೊನೆಯಲ್ಲಿ ನೈಋತ್ಯದ ಬೆಟ್ಟದ ತಪ್ಪಲು ಬೇಡ.

ರಜೆಯ ಹಂಗಿಲ್ಲದವರಿಗೆ ಲೆಕ್ಕ ಸುಲಭ. ಕ್ಯಾಂಡಿಯ ಕೊನೆಯ ರಂದೋಲಿ ನಿಕಿನಿ ಹುಣ್ಣಿಮೆಗೆ ಬರುತ್ತದೆ, ಅದು ಸಾಮಾನ್ಯವಾಗಿ ನಮ್ಮ ನೂಲು ಹುಣ್ಣಿಮೆ. ಅಧಿಕಮಾಸದ ವರ್ಷ ಎರಡು ನಾಡುಗಳ ಎಣಿಕೆ ಬೇರೆಯಾಗಬಹುದಾದ್ದರಿಂದ ಲಂಕೆಯ ಪೋಯ ಪಟ್ಟಿಯನ್ನೊಮ್ಮೆ ತಾಳೆ ನೋಡಬೇಕು. ಆ ಹುಣ್ಣಿಮೆಯಿಂದ ಹಿಂದಕ್ಕೆ ಎರಡು ವಾರ ಎಣಿಸಿ ಕೊಲಂಬೊದಲ್ಲಿಳಿದು, ಮೊದಲು ಜಾಫ್ನಾ, ಅಲ್ಲಿಂದ ಟ್ರಿಂಕೋಮಲಿ, ಮಿನ್ನೇರಿಯ, ಕೊನೆಗೆ ಕುಂಬಲ್ ಮುಗಿದು ರಂದೋಲಿ ಆರಂಭವಾಗುವ ಹೊತ್ತಿಗೆ ಕ್ಯಾಂಡಿ. ತಿಂಗಳುಗಳ ಮುಂಚೆ ಕಾದಿರಿಸಬೇಕಾದದ್ದು ಕ್ಯಾಂಡಿಯ ರೂಮು. ಮಿಕ್ಕ ಊರುಗಳ ನಡುವೆ ಒಂದೆರಡು ಖಾಲಿ ದಿನ ಬಿಟ್ಟುಕೊಂಡರೆ ಮಳೆ ಬಂದರೂ ಬಸ್ಸು ತಪ್ಪಿದರೂ ಪ್ರವಾಸ ಕೆಡುವುದಿಲ್ಲ.